ಕವಿ ನಿಂತಲ್ಲಿಂದ ಮುಂದಿನ ಕಥೆ ಯಾರದು?

ಗದಗ-ಬೆಟಗೇರಿಯ ಚಹಾದಂಗಡಿಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಇನ್ನೂ ಮುಗಿದಿಲ್ಲ. ಧಾರಾವಾಹಿಯ ಕೊನೆಯ ಕಂತು ಬಂದದ್ದು 2019ರ ಮೇ ತಿಂಗಳಲ್ಲಿ. ಆದರೂ ಗಿರ್ಮಿಟ್ ತಟ್ಟೆ ಮುಂದಿಟ್ಟುಕೊಂಡು ಕೂತ ಹುಡುಗರ ನಡುವೆ ಕಥೆಯ ರಾಣಿ ಡೇನೆರಿಸ್‌ಳ ಹೆಸರು ಬಂದರೆ ಸಾಕು, ವಾದಕ್ಕೆ ಕಿಡಿ ಬಿತ್ತು.

“ಅಷ್ಟು ವರ್ಷ ಗುಲಾಮರನ್ನ ಬಿಡಿಸಿದಾಕಿ ಒಂದ ದಿನದಾಗ ಊರಿಗೆ ಊರ ಸುಡತಾಳಂದ್ರ ಹೆಂಗ ನಂಬೂದಲೇ?”

“ಆಕಿ ಮೊದಲಿಂದನೂ ಹಂಗ ಇದ್ಲು. ನೀ ನೆಟ್ಟಗ ನೋಡಿಲ್ಲ.”

“ತಡೀರಲೇ, ಪುಸ್ತಕ ಬರಲಿ. ಅದರಾಗ ಬ್ಯಾರೇನ ಇರ್ತೈತಿ.”

ಆ ಮೂರನೆಯವನ ಮಾತಿನಲ್ಲೇ ಇಡೀ ತಕರಾರಿನ ಬೇರು ಇದೆ. ಜಾರ್ಜ್ ಆರ್.ಆರ್. ಮಾರ್ಟಿನ್ ತಮ್ಮ ಕಾದಂಬರಿ ಮಾಲೆಯ ಮೊದಲ ಸಂಪುಟ ಪ್ರಕಟಿಸಿದ್ದು 1996ರಲ್ಲಿ. ಐದನೆಯದು 2011ರ ಜುಲೈನಲ್ಲಿ ಬಂತು. ಏಳು ಸಂಪುಟಗಳ ಯೋಜನೆಯಲ್ಲಿ ಉಳಿದ ಎರಡಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ. ಟಿವಿ ಕಾಯಲಿಲ್ಲ. 2011ರ ಏಪ್ರಿಲ್‌ನಲ್ಲಿ ಶುರುವಾದ ಧಾರಾವಾಹಿ 2016ರ ಆರನೆಯ ಸೀಸನ್ ಹೊತ್ತಿಗೆ ಪುಸ್ತಕವನ್ನು ದಾಟಿಕೊಂಡು ಮುಂದೆ ಹೋಯಿತು. ಕಥೆ ಎಲ್ಲಿಗೆ ಮುಟ್ಟಬೇಕು ಎಂಬ ಮುಖ್ಯ ಸಂಗತಿಗಳನ್ನು ಮಾರ್ಟಿನ್ ನಿರ್ಮಾಪಕರಿಗೆ ಹೇಳಿದ್ದರು. ಅಲ್ಲಿಗೆ ಹೋಗುವ ದಾರಿಯನ್ನು ಅವರೇ ಹುಡುಕಿಕೊಳ್ಳಬೇಕಾಯಿತು. ಕೊನೆಯ ಸೀಸನ್ನನ್ನು ಹೊಸದಾಗಿ ತೆಗೆಯಿರಿ ಎಂಬ ಮನವಿಗೆ ಜಗತ್ತಿನಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು.

ಈ ವಾದವನ್ನು ಹುಡುಗಾಟ ಎಂದು ತಳ್ಳಿಹಾಕುವ ಹಿರಿಯರು ನಮ್ಮಲ್ಲಿ ಬಹಳ. ನನಗೆ ಹಾಗೆ ಅನ್ನಿಸುವುದಿಲ್ಲ. ಕವಿ ನಡುವೆ ನಿಲ್ಲಿಸಿದ ಕಥೆಯನ್ನು ಕುರಿತು ಐದುನೂರು ವರ್ಷಗಳಿಂದ ಮಾತಾಡುತ್ತ ಬಂದ ಊರು ಇದು. ಚಹಾದಂಗಡಿಯ ಹುಡುಗರು ಅದೇ ಮಾತನ್ನು ಮುಂದುವರಿಸಿದ್ದಾರೆ.

ವೀರನಾರಾಯಣನ ಗುಡಿಗೆ ಹೋದವರಿಗೆ ಅಲ್ಲೊಂದು ಕಂಬ ತೋರಿಸುತ್ತಾರೆ. ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದ ಎಂಬುದು ನಂಬಿಕೆ. ಕುಮಾರವ್ಯಾಸ ಎಂದು ಹೆಸರಾದ, ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದ ನಾರಣಪ್ಪ, ಹದಿನೈದನೆಯ ಶತಮಾನದಲ್ಲಿ, ಗದುಗಿನ ದೇವರ ಎದುರು ಕೂತು ಎಂಟು ಸಾವಿರಕ್ಕೂ ಹೆಚ್ಚು ಭಾಮಿನಿ ಷಟ್ಪದಿಗಳನ್ನು ಕಟ್ಟಿದ. ವ್ಯಾಸಭಾರತದ ಪರ್ವಗಳು ಹದಿನೆಂಟು. ನಾರಣಪ್ಪ ಬರೆದದ್ದು ಹತ್ತು. ಆದಿಪರ್ವದಿಂದ ಹೊರಟವನು ಗದಾಪರ್ವಕ್ಕೆ ಬಂದು, ದುರ್ಯೋಧನನ ತೊಡೆ ಮುರಿದು, ಅಳುವವರನ್ನು ಅಳಿಸಿ, ಧರ್ಮರಾಯನಿಗೆ ಪಟ್ಟ ಕಟ್ಟಿ ಲೇಖನಿ ಕೆಳಗಿಟ್ಟ.

ಯಾಕೆ ನಿಲ್ಲಿಸಿದ? ಊರು ಇದಕ್ಕೆ ತಾನೇ ಒಂದು ಕಥೆ ಕಟ್ಟಿಕೊಂಡಿದೆ. ಗುಡಿಯ ಊಟಕ್ಕೆ ಎಲ್ಲರಿಗಿಂತ ಕಡೆಗೆ ಬರುವ ಬ್ರಾಹ್ಮಣ ಬೇರಾರೂ ಅಲ್ಲ, ಚಿರಂಜೀವಿ ಅಶ್ವತ್ಥಾಮ ಎಂದು ದೇವರು ಕನಸಿನಲ್ಲಿ ನಾರಣಪ್ಪನಿಗೆ ತಿಳಿಸುತ್ತಾನೆ. ನಾರಣಪ್ಪ ಅವನ ಕಾಲು ಹಿಡಿಯುತ್ತಾನೆ. ಯುದ್ಧವನ್ನು ಕಣ್ಣಾರೆ ಕಂಡವನು ಅವನಲ್ಲವೇ! ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಬಂದು ಕೂತರೆ, ಬಟ್ಟೆ ಆರುವ ತನಕ ಕಾವ್ಯ ಹರಿಯುತ್ತದೆ. ಆದರೆ ಈ ಗುಟ್ಟು ಯಾರಿಗೂ ಹೇಳಕೂಡದು. ಗದಾಪರ್ವ ಮುಗಿಯುವ ಹೊತ್ತಿಗೆ ಕವಿ ಹೆಂಡತಿಯ ಮುಂದೆ ಬಾಯಿಬಿಟ್ಟ, ಹರಿವು ಅಲ್ಲಿಗೇ ನಿಂತಿತು.

ಈ ಐತಿಹ್ಯವನ್ನು ಇತಿಹಾಸ ಎಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಇದನ್ನು ಕಟ್ಟಿದವರು ಕಾವ್ಯವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ನೋಡಿ. ಕಥೆ ಹೇಳಲು ಅವರು ಆರಿಸಿಕೊಂಡದ್ದು ಸೋತ ಪಕ್ಷದವನನ್ನು, ಮಲಗಿದ್ದ ಮಕ್ಕಳನ್ನು ಕೊಂದ ಪಾಪ ಹೊತ್ತು ಸಾವಿಲ್ಲದೆ ಅಲೆಯುವವನನ್ನು. ನಾರಣಪ್ಪನ ಭಾರತದಲ್ಲಿ ಸೋತವರ ಸಂಕಟ ಅಷ್ಟು ಹತ್ತಿರದಿಂದ ಕೇಳುವುದಕ್ಕೆ ಅವರು ಕೊಟ್ಟ ಕಾರಣ ಅದು. ಅಪೂರ್ಣ ಕೃತಿಯ ಮುಂದೆ ಕೂತು ಅಭಿಮಾನಿಗಳು ಮಾಡುವ ಊಹೆಗಳಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಕೇಳಿಲ್ಲ.

ನನ್ನ ಊಹೆ ಬೇರೆ. ತಾನು ಹೇಳಲು ಹೊರಟದ್ದು ಕೃಷ್ಣನ ಕಥೆ ಎಂದು ಕವಿ ಆರಂಭದಲ್ಲಿಯೇ ಸಾರಿದ್ದಾನೆ. ಹದಿನೆಂಟೂ ಪರ್ವ ಬರೆಯುವವನು ಮೌಸಲಪರ್ವವನ್ನು ಬರೆಯಲೇಬೇಕು. ಅಲ್ಲಿ ಯಾದವರು ಒಬ್ಬರನ್ನೊಬ್ಬರು ಬಡಿದು ಕೊಲ್ಲುತ್ತಾರೆ. ಕೃಷ್ಣ ಕಾಡಿನಲ್ಲಿ ಒಬ್ಬಂಟಿಯಾಗಿ ಬೇಡನ ಬಾಣಕ್ಕೆ ಗುರಿಯಾಗುತ್ತಾನೆ. ದಿನವೂ ವೀರನಾರಾಯಣನ ಎದುರು ಕೂತು ಬರೆಯುವ ಭಕ್ತನ ಕೈ ಆ ಪುಟಕ್ಕೆ ಏಳಲಾರದು. ಹಲಗೆ ಬಳಪ ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆಯುವವನು ತಾನು ಎಂದು ಹೇಳಿಕೊಂಡ ಕವಿ ಇವನು. ಅಂಥವನಿಗೆ ಶಕ್ತಿ ಸಾಲದೆ ನಿಂತಿತು ಎನ್ನಲು ನನಗೆ ಮನಸ್ಸು ಬಾರದು. ಎಲ್ಲಿ ನಿಲ್ಲಬೇಕೆಂದು ಅವನಿಗೆ ಗೊತ್ತಿತ್ತು.

ಗದಗದಿಂದ ಲಕ್ಷ್ಮೇಶ್ವರ ದೂರವೇನಲ್ಲ. ಅದು ಹಳೆಯ ಪುಲಿಗೆರೆ. ನಾರಣಪ್ಪನಿಗಿಂತ ಸುಮಾರು ಐದುನೂರು ವರ್ಷ ಮೊದಲು, 941ರ ಹೊತ್ತಿಗೆ, ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ಕನ್ನಡ ಪುಲಿಗೆರೆಯದು ಎಂದು ಹೆಮ್ಮೆಯಿಂದ ಹೇಳಿಕೊಂಡ. ‘ಮೂಲದಲ್ಲಿ ಹಾಗಿಲ್ಲ’ ಎಂದು ಇವತ್ತು ಧಾರಾವಾಹಿಗಳ ಮೇಲೆ ಹರಿಹಾಯುವವರು ಪಂಪನನ್ನು ಒಮ್ಮೆ ಓದಬೇಕು. ಅವನಲ್ಲಿ ದ್ರೌಪದಿ ಐವರ ಹೆಂಡತಿಯಲ್ಲ, ಅರ್ಜುನನೊಬ್ಬನವಳು. ಯುದ್ಧ ಮುಗಿದ ಮೇಲೆ ಸಿಂಹಾಸನ ಏರುವವನು ಧರ್ಮರಾಯನಲ್ಲ, ಅರ್ಜುನ. ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕೂರುವವಳು ಸುಭದ್ರೆ. ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನಾಗಿ ಚಿತ್ರಿಸಿದ್ದರಿಂದ ಈ ಬದಲಾವಣೆಗಳು ಬೇಕಾದವು. ಹದಿಮೂರು ವರ್ಷ ಮುಡಿ ಬಿಚ್ಚಿಕೊಂಡು ಕಾದ ದ್ರೌಪದಿಗೆ ಪಟ್ಟ ತಪ್ಪಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ, ಪಂಪನ ಮೇಲೆ ಎಷ್ಟೇ ಪ್ರೀತಿ ಇದ್ದರೂ. ಹಾಗೆಂದು ಆ ಕಾವ್ಯವನ್ನು ಕೆಳಗಿಡಲೂ ಆಗುವುದಿಲ್ಲ. ಆಶ್ರಯದಾತ ಅರ್ಜುನನಾಗಿದ್ದರೂ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಹೇಳುವ ಎದೆ ಅವನಿಗಿತ್ತು.

ಕರ್ಣನೋ ಅರ್ಜುನನೋ ಎಂಬ ವಾದ ನಮ್ಮ ಹಳ್ಳಿಗಳಲ್ಲಿ ಎಂದೂ ತಣ್ಣಗಾದದ್ದಿಲ್ಲ. ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ಸೀಮೆ ಮಳೆಗಾಗಿ ಮುಗಿಲು ನೋಡುವ ಎರೆಹೊಲ, ಮಸಾರಿ ಹೊಲಗಳ ಸೀಮೆ. ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವ ರೂಢಿ ಕನ್ನಡ ನಾಡಿನ ಹಳ್ಳಿಗಳಿಗೆ ಹಳೆಯದು. ಒಬ್ಬ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ, ಕೂತ ಮಂದಿ ನಡುವೆ ಬಾಯಿ ಹಾಕುತ್ತಾರೆ. ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳಿದ್ದು ಕರುಣೆಯೋ ರಾಜಕಾರಣವೋ? “ದೇವರಾದ್ರೇನಾತ್ರೀ, ಹಂಗ ಮಾಡಬಾರದಿತ್ತು” ಎಂದು ಹೇಳುವ ಮುದುಕ, “ಹಂಗನ್ನಬ್ಯಾಡ ಯಪ್ಪಾ, ಧರ್ಮ ಉಳೀಬೇಕಲ್ಲ” ಎನ್ನುವ ಮುದುಕಿ, ಎರಡೂ ಕಡೆ ಹೂಂಗುಡುವ ಉಳಿದವರು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ ಇದೇ ಪಂಚಾಯಿತಿ ಮನೆಮನೆಯ ಟಿವಿ ಮುಂದೆ ಮತ್ತೆ ಸೇರಿತು.

ಇನ್ನು ನಾರಣಪ್ಪ ಬಿಟ್ಟ ಭಾಗದ ಮಾತು. ಅದು ಖಾಲಿ ಉಳಿಯಲಿಲ್ಲ. ವಿಜಯನಗರದ ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ ದೊರೆ. ಅವನ ಆಸ್ಥಾನದ ತಿಮ್ಮಣ್ಣ ಕವಿ ಶಾಂತಿಪರ್ವದಿಂದ ಮುಂದಿನ ಕಥೆಯನ್ನು ಅದೇ ಭಾಮಿನಿಯಲ್ಲಿ ಬರೆದು ಮುಗಿಸಿದ. ಅದೇ ‘ಕೃಷ್ಣರಾಯ ಭಾರತ’. ಅರಸನ ಅಪ್ಪಣೆ ಇತ್ತು, ಛಂದಸ್ಸು ಅದೇ ಇತ್ತು, ಕಥೆಯ ದಾರಿ ವ್ಯಾಸರೇ ಹಾಕಿಕೊಟ್ಟದ್ದು. ಆದರೂ ನಾಡು ಅದನ್ನು ನಾಲಿಗೆಯ ಮೇಲೆ ಇಟ್ಟುಕೊಳ್ಳಲಿಲ್ಲ. ಯುದ್ಧದ ನಂತರದ ಕಥೆ ಬೇಕೆನ್ನಿಸಿದಾಗ ಕನ್ನಡಿಗರು ಕೈಚಾಚಿದ್ದು ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದ ಕಡೆಗೆ. ಲಕ್ಷ್ಮೀಶ ಯಾರ ಕಾವ್ಯಕ್ಕೂ ಬಾಲ ಜೋಡಿಸಲು ಹೋಗಲಿಲ್ಲ. ಅಶ್ವಮೇಧದ ಕುದುರೆಯನ್ನು ಹಿಡಿದು, ವಾರ್ಧಕ ಷಟ್ಪದಿಯಲ್ಲಿ ತನ್ನದೇ ನಡೆ ಹಾಕಿ, ಸುಧನ್ವ, ಬಭ್ರುವಾಹನ, ಚಂದ್ರಹಾಸರನ್ನು ಮನೆಮಾತು ಮಾಡಿದ.

ನೆರೆಯ ತೆಲುಗಿನಲ್ಲಿ ನಡೆದದ್ದು ಇನ್ನೊಂದು ಬಗೆ. ಹನ್ನೊಂದನೆಯ ಶತಮಾನದ ನನ್ನಯ್ಯ ಅರಣ್ಯಪರ್ವದ ನಡುವೆ ನಿಂತ. ಹದಿಮೂರನೆಯ ಶತಮಾನದ ತಿಕ್ಕನ ಆ ಅರ್ಧ ಪರ್ವವನ್ನು ಮುಟ್ಟದೆ ವಿರಾಟಪರ್ವದಿಂದ ಹಿಡಿದು ಕೊನೆಯವರೆಗೆ ಬರೆದ. ನಡುವಿನ ಕಂದಕವನ್ನು ಆಮೇಲೆ ಎರ್ರನ ತುಂಬಿದ. ಮೂವರನ್ನೂ ಅಲ್ಲಿ ‘ಕವಿತ್ರಯ’ ಎಂದು ಒಟ್ಟಿಗೆ ಗೌರವಿಸುತ್ತಾರೆ. ಅಂದರೆ ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಿದರೆ ರುಚಿ ಕೆಟ್ಟೇ ತೀರುತ್ತದೆ ಎಂದೇನಿಲ್ಲ. ಮುಗಿಸುವವನು ತನ್ನ ಜೀವವನ್ನೂ ಅದರಲ್ಲಿ ಹಾಕಬೇಕು. ‘ಗೇಮ್ ಆಫ್ ಥ್ರೋನ್ಸ್’ ಸೋತದ್ದು ಇಲ್ಲಿ ಎಂದು ನನಗೆ ತೋರುತ್ತದೆ. ಡೇನೆರಿಸ್ ಊರು ಸುಟ್ಟದ್ದು, ಕೊನೆಗೆ ಬ್ರಾನ್ ಎಂಬ ಹುಡುಗ ಅರಸನಾದದ್ದು ಮಾರ್ಟಿನ್ ಮನಸ್ಸಿನಲ್ಲಿಯೂ ಇದ್ದಿರಬಹುದು. ಆದರೆ ಮೊದಲ ಸೀಸನ್‌ಗಳಲ್ಲಿ ಹತ್ತು ಹತ್ತು ಕಂತು ಹಿಡಿದು ಒಂದೊಂದು ನಿರ್ಧಾರವನ್ನು ಮಾಗಿಸಿದವರು ಕೊನೆಯ ಸೀಸನ್ನನ್ನು ಆರೇ ಕಂತಿಗೆ ಮುಗಿಸಿದರು. ಒಬ್ಬ ಹೆಣ್ಣುಮಗಳು ಅಂಥ ಬೆಂಕಿಗೆ ಬಂದು ಮುಟ್ಟುವ ದಾರಿ ನೋಡುಗರಿಗೆ ಕಾಣಲೇ ಇಲ್ಲ. ಚಹಾದಂಗಡಿಯ ಮೊದಲ ಹುಡುಗ ಕೇಳುತ್ತಿರುವುದು ಅದನ್ನೇ, ಮತ್ತು ಅವನ ಪ್ರಶ್ನೆ ಸರಿಯಾಗಿದೆ.

ತಿಮ್ಮಣ್ಣನಿಗೆ ಆ ಹುಡುಗರಂಥ ಕೇಳುಗರೂ ಸಿಕ್ಕಿಲ್ಲ. 1958ರಲ್ಲಿ ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಗದುಗಿನ ಭಾರತವನ್ನು ಮೈಸೂರು ಸರ್ಕಾರ ಕಡಿಮೆ ಬೆಲೆಗೆ ಮನೆಮನೆಗೆ ಮುಟ್ಟಿಸಿತು. ತಿಮ್ಮಣ್ಣನ ಭಾರತಕ್ಕೆ ಅಂಥ ಭಾಗ್ಯ ಬರಲಿಲ್ಲ. ಓದದೆಯೇ ‘ನಾರಣಪ್ಪನ ಸಮಕ್ಕೆ ಇಲ್ಲ’ ಎಂದು ತೀರ್ಪು ಕೊಡುವ ಅಭ್ಯಾಸ ನಮಗೆ ಆಗಿಹೋಗಿದೆ. ವೀರನಾರಾಯಣನ ಗುಡಿಯ ಅಂಗಳದಲ್ಲಿ ಒಂದು ಶ್ರಾವಣ ಗದಾಪರ್ವದ ವಾಚನ ಮುಗಿದ ಮರುದಿನವೇ, ಅದೇ ಗಮಕಿ, ಅದೇ ರಾಗದಲ್ಲಿ ತಿಮ್ಮಣ್ಣನ ಶಾಂತಿಪರ್ವವನ್ನು ಎತ್ತಿಕೊಳ್ಳಲಿ. ಮೌಸಲಪರ್ವದವರೆಗೂ ಹೋಗಲಿ. ಲಕ್ಷ್ಮೇಶ್ವರದಿಂದ, ಮುಂಡರಗಿಯಿಂದ, ಶಿರಹಟ್ಟಿಯಿಂದ ಪುರಾಣ ಕೇಳಿ ಪಳಗಿದ ಹಿರಿಯರು ಬರಲಿ, ಡ್ರ್ಯಾಗನ್ನುಗಳ ಲೆಕ್ಕ ಬಾಯಿಪಾಠ ಇರುವ ಹುಡುಗರೂ ಬರಲಿ. ಕೃಷ್ಣನಿಗೆ ಬಾಣ ನಾಟುವ ಸಂಧಿಯನ್ನು ಒಟ್ಟಿಗೆ ಕೂತು ಕೇಳಿ, ನಾರಣಪ್ಪ ನಿಲ್ಲಿಸಿದ್ದು ಸರಿಯೋ, ತಿಮ್ಮಣ್ಣ ಬರೆದದ್ದು ಸರಿಯೋ ಎಂದು ಆಮೇಲೆ ಎಷ್ಟು ಹೊತ್ತಾದರೂ ಜಗಳಾಡಲಿ.