ಮೋಡಕ್ಕೆ ಅಭಿಮಾನಿ ಸಂಘ ಇದೆಯೇನಯ್ಯಾ?

ಫೋಟೋ ನೋಡಿದ ಸಂಪಾದಕರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು.

"ಮೋಡ ಬಹಳ ಚೆನ್ನಾಗಿ ಬಂದಿದೆ ಕಣಯ್ಯಾ. ಹೀರೋ ಎಲ್ಲಿ?"

"ಅಲ್ಲೇ ಇದಾರೆ ಸಾರ್... ಮರದ ಕೆಳಗೆ..."

"ಯಾರೋ ನಿಂತಿದಾರೆ ಅಂತ ನನಗೂ ಕಾಣುತ್ತೆ. ಮುಖ ಎಲ್ಲಿ? ನಮ್ಮ ಓದುಗರು ದುಡ್ಡು ಕೊಡೋದು ಮುಖ ನೋಡೋಕೆ. ಮೋಡಕ್ಕೆ ಅಭಿಮಾನಿ ಸಂಘ ಇದೆಯೇನಯ್ಯಾ?"

ಇದು ನಾಲ್ಕು ವರ್ಷದ ಹಿಂದಿನ ಮಾತು. ಪಿಯುಸಿಗೆ ಕೈಮುಗಿದು, ಅಮ್ಮನ ಎರಡು ಬಳೆ ಅಡವಿಟ್ಟು, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡಿದ್ದೆ. ನಂದಿಬೆಟ್ಟದ ತಪ್ಪಲಲ್ಲಿ ನನ್ನ ಮೊದಲ ಔಟ್‌ಡೋರ್. ನಲವತ್ತು ಫೋಟೋ ಹೊಡೆದೆ. ನಲವತ್ತರಲ್ಲೂ ಹೀರೋ ಬರೀ ಕರಿ ನೆರಳು! ಒಂದೂ ಅಚ್ಚಾಗಲಿಲ್ಲ, ಒಂದು ಪೈಸೆ ಹುಟ್ಟಲಿಲ್ಲ. ಬಳೆ ಸೇಟು ಅಂಗಡಿಯಲ್ಲೇ ಉಳಿಯಿತು.

ಎಮ್ಮೆ ಮತ್ತು ಪಂಚೆ

ಅಳುಮುಖ ಹೊತ್ತು ಹೋದದ್ದು ಅದೇ ಚಿತ್ರದ ಸ್ಟಿಲ್ ಫೋಟೋಗ್ರಾಫರ್ ಹತ್ತಿರ. ಸೆಟ್ಟಿನಲ್ಲೇ ತಲೆ ನರೆತ ಮನುಷ್ಯ. ನಕ್ಕುಬಿಟ್ಟರು.

"ಮೀಟರ್ ಹೇಳಿದ್ದನ್ನೇ ನಂಬಿದೆಯಾ ತಮ್ಮಾ? ಅದಕ್ಕೆ ಹೀರೋ ಯಾರು, ಮೋಡ ಯಾವುದು, ಏನೂ ಗೊತ್ತಿಲ್ಲ. ಎಲ್ಲವನ್ನೂ ಬೂದಿ ಬಣ್ಣಕ್ಕೆ ತರೋದು ಒಂದೇ ಅದರ ಕೆಲಸ. ಬಿಳೀ ಪಂಚೆ ತೋರಿಸು, ಕತ್ತಲು ಮಾಡಿ ಬೂದಿ ಮಾಡುತ್ತೆ. ಕರೀ ಎಮ್ಮೆ ತೋರಿಸು, ಬೆಳಕು ಸುರಿದು ಬೂದಿ ಮಾಡುತ್ತೆ. ನೀನು ತೋರಿಸಿದ್ದು ಆಕಾಶ. ಅದು ಆಕಾಶಕ್ಕೇ ಲೆಕ್ಕ ಹಾಕಿತು."

ಹಾಗಾದರೆ ಏನು ಮಾಡಬೇಕು?

ಬೆಳಕಿಗೆ ಮೂರು ಹಿಡಿಕೆ ಇವೆ: ಲೆನ್ಸಿನ ಕಿಂಡಿ, ಶಟರ್ ವೇಗ, ಐಎಸ್‌ಓ. ಕಿಂಡಿಯ ಲೆಕ್ಕ ಹೀಗೆ: 2.8, 4, 5.6, 8, 11, 16. ಒಂದೊಂದು ಮೆಟ್ಟಿಲು ಏರಿದಾಗಲೂ ಬೆಳಕು ಅರ್ಧಕ್ಕರ್ಧ ಕಡಿಮೆ. ಹಳಬರು ಮೀಟರಿಲ್ಲದೆ ಬಳಸುತ್ತಿದ್ದ ಸೂತ್ರ ಇವತ್ತಿಗೂ ಸುಳ್ಳಾಗಿಲ್ಲ. ಚೆನ್ನಾಗಿ ಬಿಸಿಲಿದ್ದರೆ ಕಿಂಡಿ 16, ಐಎಸ್‌ಓ 100 ಆದರೆ ಶಟರ್ ಸುಮಾರು 1/125. ಅದೇ ಮನುಷ್ಯ ನೆರಳಿಗೆ ಬಂದನೋ, ಕಿಂಡಿಯನ್ನು 4ರ ತನಕ ತೆರೆಯಬೇಕಾಗುತ್ತೆ. ಅಂದರೆ ನಾಲ್ಕು ಮೆಟ್ಟಿಲು, ಹದಿನಾರು ಪಟ್ಟು ಬೆಳಕು! ನನ್ನ ಹೀರೋ ಕಪ್ಪಾಗದೆ ಇನ್ನೇನಾದಾನು?

"ಅನುಮಾನ ಬಂದರೆ ಮುಖದ ಹತ್ತಿರ ಹೋಗಿ ಅಳತೆ ತಗೋ. ಸ್ಟಾರ್ ಹತ್ತಿರ ಬಿಡಲ್ವಾ? ಅದೇ ಬೆಳಕಲ್ಲಿ ನಿನ್ನ ಅಂಗೈ ಹಿಡಿದು ಅಳೆ, ಒಂದು ಮೆಟ್ಟಿಲು ಜಾಸ್ತಿ ತೆರೆ. ಆದರೆ ಮೊದಲು ಇದು ತೀರ್ಮಾನ ಮಾಡು: ಈ ಫೋಟೋ ಯಾರದು? ಎಲ್ಲರನ್ನೂ ಮೆಚ್ಚಿಸೋಕೆ ಹೋದರೆ ಯಾರೂ ಉಳಿಯಲ್ಲ."

ಮೈಸೂರಿನ ಮೂರ್ತಿ

ಆಮೇಲೆ ಅವರು ಹೇಳಿದ ಹೆಸರು ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು, ಬೊಂಬಾಯಿಗೆ ಹೋಗಿ ಗುರುದತ್ತರ ಕಣ್ಣಾದವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' (1959) ಅವರ ಕೈಚಳಕ. ಖಾಲಿ ಸ್ಟುಡಿಯೋ, ಮೇಲಿಂದ ಕಂಬದ ಹಾಗೆ ಇಳಿಯುವ ಬೆಳಕು, ಆಚೆ ಗುರುದತ್, ಈಚೆ ವಹೀದಾ ರೆಹಮಾನ್... ಆ ಹಾಡು ನೋಡಿದವರು ಮರೆಯೋದುಂಟೆ? ಅದು ದೊಡ್ಡ ಲೈಟಿನ ಬೆಳಕಲ್ಲ ಸ್ವಾಮಿ, ಹೊರಗಿನ ಬಿಸಿಲು! ಎರಡು ದೊಡ್ಡ ಕನ್ನಡಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಒಳಗೆ ತಂದರು.

ಸುತ್ತಲಿನ ಕತ್ತಲನ್ನೂ ಬೆಳಗಿಸಲು ಹೊರಟಿದ್ದರೆ ಆ ಕಂಬ ಕಾಣುತ್ತಲೇ ಇರಲಿಲ್ಲ. ಕತ್ತಲು ಕತ್ತಲಾಗಿಯೇ ಇರಲಿ ಅಂತ ಬಿಡೋದಕ್ಕೂ ಧೈರ್ಯ ಬೇಕು. ಚಿತ್ರ ಸೋತಿತು, ಬೆಳಕು ಗೆದ್ದಿತು. ಛಾಯಾಗ್ರಹಣಕ್ಕೆ ಫಿಲಂಫೇರ್ ಬಂತು. 2008ರ ಸಾಲಿನ ಫಾಲ್ಕೆ ಪ್ರಶಸ್ತಿಯೂ ಮೂರ್ತಿಯವರಿಗೇ, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಕಟೌಟ್ ಮುಂದೆ ನಿಲ್ಲುವ ಗೆಳೆಯರೇ, ನಿಮಗೂ ಒಂದು ಮಾತು. ಬೆಳಗಿನ ಷೋಗೆ ಹೋಗಿ ಫೋಟೋ ತೆಗೀತೀರಿ, ಹಿಂದೆ ಆಕಾಶ ಫಳಫಳ, ಗೆಳೆಯನ ಮುಖ ಮಸಿ! ಮೊಬೈಲಾದರೆ ಮುಖದ ಮೇಲೆ ಬೆರಳಿಡಿ, ಬೆಳಕು ಮುಖಕ್ಕೆ ಹೊಂದಿಕೊಳ್ಳುತ್ತೆ. ಆದರೆ ತೀರಾ ಏರಿಸಬೇಡಿ. ಡಿಜಿಟಲ್‌ನಲ್ಲಿ ಕತ್ತಲಲ್ಲಿ ಅಡಗಿದ್ದನ್ನು ಆಮೇಲೆ ಅಷ್ಟಿಷ್ಟು ಎತ್ತಬಹುದು, ಪೂರ್ತಿ ಸುಟ್ಟು ಬೆಳ್ಳಗಾದದ್ದು ಮತ್ತೆ ಬಾರದು.

ಆರು ತಿಂಗಳ ನಂತರ ಅದೇ ಹೀರೋ, ಅಂಥದೇ ಮರ, ಅಂಥದೇ ಬಿಸಿಲು. ಈ ಸಲ ಮುಖಕ್ಕೆ ಅಳತೆ ಹಿಡಿದೆ. ರೆಪ್ಪೆ ರೆಪ್ಪೆಯೂ ಕಾಣಿಸಿತು. ಆಕಾಶ ಮಾತ್ರ ಬಿಳೀ ಹಾಳೆ.

ಸಂಪಾದಕರು ಕನ್ನಡಕ ಏರಿಸಿ ಕೇಳಿದರು: "ಮೋಡ ಎಲ್ಲಯ್ಯಾ?"

"ಅದಕ್ಕೆ ಅಭಿಮಾನಿ ಸಂಘ ಇಲ್ಲ ಸಾರ್!"

ಗೊಳ್ಳನೆ ನಕ್ಕರು. ಮುಖಪುಟಕ್ಕೇ ಹಾಕಿದರು. ಆ ದುಡ್ಡಿನಲ್ಲಿ ಒಂದು ಬಳೆ ಬಿಡಿಸಿದೆ. ಇನ್ನೊಂದಕ್ಕೆ ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದೇನೆ.