ಸವೆಯದ ಸತುವನ್ನು ನಂಬಬೇಡಿ

ಗೋವೆಯಲ್ಲಿ ಹಾಯಿದೋಣಿಗಳ ಎಂಜಿನ್ ರಿಪೇರಿ ಮಾಡುವ, ಕುಂದಾಪುರ ಕಡೆಯ ಓದುಗರೊಬ್ಬರು ಫೋಟೊ ಕಳಿಸಿದ್ದಾರೆ. ಅಂಗೈ ಮೇಲೆ ಎರಡು ಲೋಹದ ಕಡ್ಡಿಗಳು. ಒಂದು ಹೊಸದು, ನುಣುಪು. ಇನ್ನೊಂದರ ಮೈತುಂಬ ಗುಳಿ, ತುದಿ ಮೊಂಡು, ಸಂದುಗಳಲ್ಲಿ ಬೂದುಬಿಳಿ ಪುಡಿ. ಎಂಜಿನ್ನಿನ ಹೀಟ್ ಎಕ್ಸ್‌ಚೇಂಜರಿನಿಂದ ತೆಗೆದ ಜಿಂಕ್, ಅಂದರೆ ಸತುವಿನ ಕಡ್ಡಿ ಅದು. ಇದನ್ನು ಕಂಡ ದೋಣಿಯ ಮಾಲೀಕರು ಡೂಪ್ಲಿಕೇಟ್ ಮಾಲು ಹಾಕಿದ್ದೀಯ ಎಂದು ಬೈದರಂತೆ. ಸವೆಯದೆ ವರ್ಷಗಟ್ಟಲೆ ಬಾಳುವ ಜಿಂಕ್ ಎಲ್ಲಿ ಸಿಗುತ್ತದೆ ಎಂಬುದು ಓದುಗರ ಪ್ರಶ್ನೆ.

ಅಂಥದ್ದು ಸಿಕ್ಕರೆ ದಯವಿಟ್ಟು ಕೊಳ್ಳಬೇಡಿ.

ಹಾಯಿದೋಣಿಗೆ ಎಂಜಿನ್ ಯಾಕೆ ಎನ್ನುವವರಿಗೆ ಎರಡು ಮಾತು. ಗಾಳಿ ಬಿದ್ದುಹೋದಾಗ, ಇಕ್ಕಟ್ಟಿನ ಬಂದರಿಗೆ ನುಗ್ಗುವಾಗ, ಬ್ಯಾಟರಿ ಚಾರ್ಜ್ ಮಾಡುವಾಗ ಪುಟ್ಟ ಡೀಸೆಲ್ ಎಂಜಿನ್ ಬೇಕೇ ಬೇಕು. ಲಾರಿಯ ರೇಡಿಯೇಟರಿಗೆ ಸಿಗುವ ಎದುರುಗಾಳಿ ದೋಣಿಯ ಹೊಟ್ಟೆಯೊಳಗೆ ಸಿಗುವುದಿಲ್ಲ. ಹಾಗಾಗಿ ಅಲ್ಲಿ ಸಮುದ್ರವೇ ರೇಡಿಯೇಟರಿನ ಗಾಳಿ. ಎಂಜಿನ್ನಿನ ಒಡಲಲ್ಲಿ ಸುತ್ತುವುದು ಸಿಹಿನೀರು ಬೆರೆಸಿದ ಕೂಲೆಂಟ್. ರಬ್ಬರ್ ಇಂಪೆಲ್ಲರಿನ ಪಂಪು ಸಮುದ್ರದ ನೀರನ್ನು ಎಳೆದು, ಉರುಟು ಡಬ್ಬಿಯೊಳಗಿನ ಸಣ್ಣ ಕೊಳವೆಗಳ ಕಟ್ಟಿನಲ್ಲಿ ಹಾಯಿಸಿ, ಹೊಗೆಯ ಜೊತೆ ಹೊರಗೆ ಚೆಲ್ಲುತ್ತದೆ. ಅದೇ ಕೊಳವೆಗಳ ಹೊರಮೈ ಸವರಿಕೊಂಡು, ಕಾದು 80 ಡಿಗ್ರಿ ಮುಟ್ಟಿದ ಕೂಲೆಂಟ್ ಹರಿಯುತ್ತದೆ. ಎರಡು ನೀರೂ ಒಂದನ್ನೊಂದು ಮುಟ್ಟುವುದಿಲ್ಲ, ಬಿಸಿ ಮಾತ್ರ ದಾಟುತ್ತದೆ. ಆ ಡಬ್ಬಿಯೇ ಹೀಟ್ ಎಕ್ಸ್‌ಚೇಂಜರ್.

ಉಪ್ಪುನೀರು ಲೋಹವನ್ನು ತಿನ್ನುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಅದು ಅರ್ಧ ಸತ್ಯ. ಕೊಳವೆಗಳು ಹೆಚ್ಚಾಗಿ ತಾಮ್ರ ಮತ್ತು ನಿಕ್ಕಲ್ ಬೆರೆತ ಮಿಶ್ರಲೋಹದವು; ಬರೀ ಉಪ್ಪುನೀರಿಗೆ ಅವು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ತೊಂದರೆ ಬರುವುದು ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ನೆನೆದು, ಒಂದಕ್ಕೊಂದು ತಾಗಿ ಕೂತಾಗ. ಬೆಸುಗೆ, ಹಿತ್ತಾಳೆ, ಅಲ್ಯೂಮಿನಿಯಂ, ತಾಮ್ರ ಎಲ್ಲ ಸೇರಿ ಅದೊಂದು ಬ್ಯಾಟರಿಯೇ ಆಗುತ್ತದೆ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ಕರಗುತ್ತದೆ, ಉಳಿದವು ಬಚಾವಾಗುತ್ತವೆ. ಅಲ್ಲಿಗೊಂದು ಸತುವಿನ ಕಡ್ಡಿ ತೂರಿಸಿದರೆ ಎಲ್ಲರಿಗಿಂತ ಮೊದಲು ಬಿಟ್ಟುಕೊಡುವುದು ಅದೇ. ಸತು ತನ್ನ ಪ್ರತಿಯೊಂದು ಪರಮಾಣುವಿನಿಂದ ಎರಡೆರಡು ಎಲೆಕ್ಟ್ರಾನು ಕೊಟ್ಟು ನೀರಿಗೆ ಇಳಿಯುತ್ತದೆ. ಕೊಳವೆ ಹಾಗೇ ಉಳಿಯುತ್ತದೆ.

ಈ ಉಪಾಯ ಹೊಳೆದದ್ದು ಡೀಸೆಲ್ ಎಂಜಿನ್ ಹುಟ್ಟುವ ಎಷ್ಟೋ ದಶಕ ಮೊದಲು. ಆ ಕಥೆ ನನಗೆ ಬಲು ಇಷ್ಟ. ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದೆಸುತ್ತಿದ್ದರು. ಹುಳು ಮರ ಕೊರೆಯದಂತೆ, ಬಾರ್ನಕಲ್ ಚಿಪ್ಪುಗಳು ಹತ್ತದಂತೆ ಈ ಏರ್ಪಾಡು. ಆದರೆ ತಗಡು ಬೇಗ ಸವೆದುಹೋಗುತ್ತಿತ್ತು. ಗಣಿ ಕಾರ್ಮಿಕರ ಸುರಕ್ಷಾ ದೀಪದಿಂದ ಹೆಸರಾಗಿದ್ದ ಹಂಫ್ರಿ ಡೇವಿಯ ಬಳಿಗೆ ಈ ಸಮಸ್ಯೆ ಬಂತು. 1824ರಲ್ಲಿ ಡೇವಿ ಉತ್ತರ ಮಂಡಿಸಿದ: ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ಚೂರು ತಾಗಿಸಿ. ಬಟಾಣಿ ಕಾಳಿನಷ್ಟು ಸತು ಸಾಕು, 40-50 ಚದರ ಇಂಚು ತಾಮ್ರವನ್ನು ಕಾಯುತ್ತದೆ! ಕೊಚ್ಚಿಯಲ್ಲಿ ಕಟ್ಟಿದ್ದ ‘ಸಮರಾಂಗ್’ ಎಂಬ ಹಡಗಿಗೆ ಕಬ್ಬಿಣದ ಗಟ್ಟಿಗಳನ್ನು ಜೋಡಿಸಿ ಅಟ್ಲಾಂಟಿಕ್ ಆಚೆಯ ನೋವಾ ಸ್ಕೋಶಿಯಾಕ್ಕೆ ಕಳಿಸಿ ಪರೀಕ್ಷೆ ಮಾಡಿದರು. ತಾಮ್ರ ಸವೆಯುವುದು ನಿಂತದ್ದು ನಿಜ. ಆದರೆ ಹೀಗೆ ಕಾಪಾಡಿದ ಹಡಗುಗಳಿಗೆ ಚಿಪ್ಪು, ಪಾಚಿ ದಂಡಿಯಾಗಿ ಮುತ್ತಿದವು. ಬಾರ್ನಕಲ್‌ಗಳನ್ನು ಅಷ್ಟು ದಿನ ದೂರ ಇಟ್ಟದ್ದು ಕರಗುತ್ತಿದ್ದ ತಾಮ್ರದ ವಿಷವೇ. ತಾಮ್ರ ಕರಗದಿದ್ದರೆ ವಿಷವೂ ಇಲ್ಲ. ನೌಕಾಪಡೆ ಯೋಜನೆ ಕೈಬಿಟ್ಟಿತು, ಡೇವಿ ಟೀಕೆಗೆ ಗುರಿಯಾದ. ಅವನ ವಿಜ್ಞಾನ ಎಳ್ಳಷ್ಟೂ ತಪ್ಪಿರಲಿಲ್ಲ. ಇವತ್ತು ಉಕ್ಕಿನ ಹಡಗು, ಸಮುದ್ರದ ತೈಲಬಾವಿ, ನೆಲದಡಿಯ ಪೈಪ್‌ಲೈನ್ ಎಲ್ಲಕ್ಕೂ ಅದೇ ಕಾವಲು.

ಈಗ ಮಾಲೀಕರ ಕೋಪಕ್ಕೆ ಬರೋಣ. ಸತುವಿನಲ್ಲಿ ಒಳ್ಳೆಯದು ಕೆಟ್ಟದು ಇರುವುದು ಹೌದು, ಆದರೆ ಲೆಕ್ಕ ಅವರು ತಿಳಿದದ್ದಕ್ಕೆ ತಿರುಗುಮುರುಗು. ಸತುವಿನಲ್ಲಿ ಕಬ್ಬಿಣ ಸ್ವಲ್ಪ ಹೆಚ್ಚು ಬೆರೆತರೂ ಅದರ ಮೇಲೆ ಗಟ್ಟಿ ಪೊರೆ ಕಟ್ಟಿ ಕರಗುವುದೇ ನಿಲ್ಲುತ್ತದೆ. ಅಮೆರಿಕದ ಸೇನಾ ಮಾನದಂಡದ ಪ್ರಕಾರ ಆನೋಡಿನ (ಹೀಗೆ ತಾನು ಕರಗಿ ಉಳಿದವನ್ನು ಕಾಯುವ ಲೋಹದ ತುಂಡಿನ) ಸತುವಿನಲ್ಲಿ ಕಬ್ಬಿಣ ಶೇ 0.005 ದಾಟಬಾರದು, ಅಂದರೆ 100 ಕಿಲೋದಲ್ಲಿ 5 ಗ್ರಾಂ. ತಿಂಗಳುಗಟ್ಟಲೆ ಮಿರಿಮಿರಿ ಹೊಳೆಯುತ್ತ ಉಳಿದ ಜಿಂಕ್ ಕಂಡರೆ ಖುಷಿಪಡುವುದಲ್ಲ, ಗಾಬರಿಯಾಗಬೇಕು. ಅದು ಕೆಲಸ ಮಾಡುತ್ತಿಲ್ಲ, ಅದರ ಬದಲು ಕೊಳವೆ ಕರಗುತ್ತಿರಬಹುದು. ಕೆಲವರು ಚೆಂದಕ್ಕೆಂದು ಜಿಂಕ್‌ಗೆ ಪೇಂಟ್ ಬಳಿಯುತ್ತಾರೆ. ಕಾವಲುಗಾರನ ಕೈಕಾಲು ಕಟ್ಟಿಹಾಕುವ ಕೆಲಸವದು. ಎಂಜಿನ್ನಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ದೃಷ್ಟಿ ತೆಗೆದು, ಡಬ್ಬಿಯ ಮುಚ್ಚಳ ಒಮ್ಮೆಯೂ ಬಿಚ್ಚದವರೂ ಇದ್ದಾರೆ. ಕೊಳವೆ ತೂತಾಗುವುದು ಯಾರ ಕಣ್ಣು ಬಿದ್ದೂ ಅಲ್ಲ, ಯಾರೂ ಕಣ್ಣು ಹಾಯಿಸದೆ.

ಗೋವೆಯವರಿಗೆ ಇನ್ನೊಂದು ಸೂಕ್ಷ್ಮ. ನಮ್ಮ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಅಲ್ಲಿ ಮಾಂಡೋವಿ. ಮಳೆಗಾಲದಲ್ಲಿ ಅದರ ಅಳಿವೆಯ ನೀರು ಬಹುಪಾಲು ಸಿಹಿಯಾಗುತ್ತದೆ. ಉಪ್ಪು ಕಡಿಮೆಯಾದ ನೀರಿನಲ್ಲಿ ಸತು ಪೊರೆ ಕಟ್ಟಿಕೊಂಡು ಮಂಕಾಗುತ್ತದೆ. ಅಳಿವೆಯಲ್ಲೇ ನಿಲ್ಲುವ ದೋಣಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಆನೋಡ್ ಒಳ್ಳೆಯದು. ಪೂರ್ತಿ ಸಿಹಿನೀರಿಗೆ ಮೆಗ್ನೀಷಿಯಂ. ಬೆಂಗಳೂರಿನ ನಿಮ್ಮ ಗೀಸರಿನ ಟ್ಯಾಂಕಿನೊಳಗೂ ಅಂಥದ್ದೇ ಮೆಗ್ನೀಷಿಯಂ ಸರಳು ಇರುತ್ತದೆ.

ಎರಡನೆಯ ಶತ್ರು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸಕ್ಕರೆ ಬಿಸಿನೀರಿನಲ್ಲಿ ಚೆನ್ನಾಗಿ ಕರಗಿದರೆ, ಇದು ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಅದು ಕೂರುವುದು ಎಲ್ಲಿ ಅತಿ ಬಿಸಿಯೋ ಅಲ್ಲಿಯೇ, ಅಂದರೆ ಕೊಳವೆಯ ಒಳಗೋಡೆಗೆ. ಸಮುದ್ರದ ನೀರನ್ನೇ ನೇರವಾಗಿ ಒಡಲಿಗೆ ಬಿಟ್ಟುಕೊಳ್ಳುವ ಹಳೆಯ ಬಗೆಯ ಎಂಜಿನ್‌ಗಳನ್ನು 60 ಡಿಗ್ರಿಯ ಆಸುಪಾಸಿನಲ್ಲೇ ಓಡಿಸುವುದು ಇದೇ ಕಾರಣಕ್ಕೆ.

ಕೆಲಸದ ಕ್ರಮ ಕಷ್ಟದ್ದಲ್ಲ. ಎಂಜಿನ್ ಆರಿದ ಮೇಲೆ ಸಮುದ್ರದ ನೀರಿನ ವಾಲ್ವ್ ಮುಚ್ಚಿ, ಜಿಂಕ್ ಬಿಚ್ಚಿ ನೋಡಿ. ಅರ್ಧ ಸವೆದಿದ್ದರೆ ಬದಲಿಸಿ. ಪೂರ್ತಿ ಸವೆಯಲಿ ಎಂದು ಕಾದರೆ ಮುರಿದು ಒಳಗೇ ಬೀಳುತ್ತದೆ. ವರ್ಷಕ್ಕೊಮ್ಮೆ ತುದಿಯ ಮುಚ್ಚಳ ತೆಗೆದರೆ ಹಳೆಯ ಜಿಂಕ್ ಚೂರು, ಹರಿದ ಇಂಪೆಲ್ಲರಿನ ರಬ್ಬರ್ ಎಸಳು ಕೊಳವೆಗಳ ಬಾಯಿಗೆ ಅಡ್ಡ ನಿಂತದ್ದು ಕಾಣಿಸಬಹುದು. ಕಸವನ್ನು ಮರದ ಕಡ್ಡಿಯಿಂದ ತಳ್ಳಿ, ಉಕ್ಕಿನ ಸಲಾಕೆ ಬೇಡ. ಸುಣ್ಣ ಕರಗಿಸಲು ತೆಳು ಆಸಿಡ್ ಬಳಸುವುದಾದರೆ ಮೊದಲು ಜಿಂಕ್ ತೆಗೆದಿಡಿ, ಗಾಳಿಯಾಡುವ ಕಡೆ ಕೂತು ಮಾಡಿ, ಗುಳ್ಳೆ ನಿಂತ ಕೂಡಲೇ ತೊಳೆಯಿರಿ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿ. ಎಲ್ಲೂ ಸೋರದೆ ಕೂಲೆಂಟ್ ಮಾತ್ರ ಕಡಿಮೆಯಾಗುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಕೊಳವೆ ತೂತನ್ನೇ.

ಕುಂದಾಪುರದ ಸೋದರರೇ, ಫೋಟೊದ ಜಿಂಕ್ ಅಸಲಿಯೇ. ಅದನ್ನು ಮಾಲೀಕರಿಗೆ ಮತ್ತೊಮ್ಮೆ ತೋರಿಸಿ, ಈ ಲೇಖನವನ್ನೂ ಓದಿಸಿ. ನಿಮ್ಮದು ತಪ್ಪಿರುವುದು ಒಂದೇ ಕಡೆ: ಅಷ್ಟು ಸವೆಯುವ ತನಕ ಕಾಯಬಾರದಿತ್ತು.