ಎರಡನೆಯ ದೀಪಾವಳಿ

ಬುಧವಾರ ಸಂಜೆ ಐದಕ್ಕೇ ತ್ಯಾಗರಾಜನಗರದ ನಮ್ಮ ಬೀದಿ ಖಾಲಿಯಾಗತೊಡಗಿತ್ತು. 2024ರ ದೀಪಾವಳಿ ಊರಿಗೆ ಹೋಗುವವರಿಗೆಂದೇ ಹೇಳಿ ಮಾಡಿಸಿದಂತಿತ್ತು: ಗುರುವಾರ ನರಕ ಚತುರ್ದಶಿ, ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಮರುದಿನ ಭಾನುವಾರ. ಎದುರಿನ ಪಿ.ಜಿ. ಹುಡುಗರು ಬೆನ್ನಿಗೊಂದು ಎದೆಗೊಂದು ಬ್ಯಾಗು ನೇತುಹಾಕಿಕೊಂಡು ಮೆಜೆಸ್ಟಿಕ್ಕಿಗೆ ಆಟೋದವರನ್ನು ಗೋಗರೆಯುತ್ತಿದ್ದರು. ಮೀಟರಿನ ಮಾತೇ ಇಲ್ಲ. ಪಕ್ಕದ ಮನೆಯವರು ಗೇಟಿಗೆ ಬೀಗ ಜಡಿದು, "ಸಾರ್, ಹಾಲಿನವನಿಗೆ ಭಾನುವಾರದ ತನಕ ಬೇಡ ಅಂದ್ಬಿಡಿ" ಎಂದು ಕಾರು ಹತ್ತಿದರು. ಉಳಿಯುವವನು ನಾನೇ ಎಂದು ಎಲ್ಲರಿಗೂ ಹೇಗೋ ಗೊತ್ತಿತ್ತು.

ಹೆಂಡತಿ ಹೋದ ಮೊದಲ ವರ್ಷವೇ ಕಷ್ಟ ಅನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಆ ವರ್ಷ ಮನೆಯಲ್ಲಿ ಹಬ್ಬ ಮಾಡುವಂತೆಯೇ ಇರಲಿಲ್ಲ. ಮಾಡದಿರುವುದಕ್ಕೆ ಶಾಸ್ತ್ರದ ಆಸರೆಯಿತ್ತು. ನಾದಿನಿ ಒಬ್ಬಟ್ಟಿನ ಡಬ್ಬಿ ತಂದಳು, ಅಕ್ಕಪಕ್ಕದವರು ಬಂದು ಕೂತು ಹೋದರು. ವರ್ಷ ಕಳೆದ ಮೇಲೆ ಹಬ್ಬ ಮಾಡಬಹುದು, ಮಾಡುವವರಿಲ್ಲ ಅಷ್ಟೆ. ಡಬ್ಬಿ ತರುವವರೂ 'ಈ ಸಲ ಅವರೇ ಮಾಡ್ಕೋತಾರೆ' ಎಂದು ಸುಮ್ಮನಾಗುತ್ತಾರೆ.

ಅಂದು ನೀರು ತುಂಬುವ ಹಬ್ಬ. ನಮ್ಮಲ್ಲಿ ಹಂಡೆ ಹೋಗಿ ಗೀಸರ್ ಬಂದು ಇಪ್ಪತ್ತು ವರ್ಷ. ಆದರೂ ಅವಳು ಪ್ಲಾಸ್ಟಿಕ್ ಬಕೆಟ್ಟಿಗೇ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಗಾಂಧಿ ಬಜಾರಿನ ಚೆಂಡು ಹೂವು ಸುತ್ತುತ್ತಿದ್ದಳು. ನಾನು ನಗುತ್ತಿದ್ದೆ. ಈ ಸಲ ಬಕೆಟ್ಟು ತೊಳೆದು ನೀರು ತುಂಬಿದೆ. ಹೂವಿನ ದಾರ ಜಾರಿ ಜಾರಿ ಕೆಳಗಿಳಿಯಿತು. ಬಿಟ್ಟೆ. ಮೊಬೈಲಿನಲ್ಲಿ ಅದೇ ಹಣತೆಯ ಚಿತ್ರ ಏಳು ಜನರಿಂದ ಬಂದಿತ್ತು.

ಬೆಳಗಿನ ಜಾವ ದೂರದಲ್ಲೆಲ್ಲೋ ಮೊದಲ ಸರಪಟಾಕಿ. ಎದ್ದು ಎಳ್ಳೆಣ್ಣೆ ಬಿಸಿ ಮಾಡಿದೆ. ಬಟ್ಟಲು ಹಿಡಿದು ಕೂತಾಗ ಹೊಳೆಯಿತು: ಇಷ್ಟು ದೀಪಾವಳಿಗಳಲ್ಲಿ ನನ್ನ ನೆತ್ತಿಗೆ ನಾನೇ ಎಣ್ಣೆ ಇಟ್ಟುಕೊಂಡದ್ದಿಲ್ಲ. ಮೊದಲು ಅಮ್ಮ, ಆಮೇಲೆ ಇವಳು. ಕೈ ಎತ್ತಿದೆ, ಇಳಿಸಿದೆ. ನೋಡಿದರೆ ಸೀಗೆಪುಡಿಯೂ ಇಲ್ಲ. ಆ ನೆವ ಸಿಕ್ಕಿದ್ದು ಒಳ್ಳೆಯದಾಯಿತು.

ಮಹಡಿ ಮೇಲಿನ ಅಜ್ಜಿಯ ಮನೆಯಲ್ಲಿ ದೀಪ ಉರಿಯುತ್ತಿತ್ತು. ಕ್ಯಾಲಿಫೋರ್ನಿಯಾದ ಮಗಳು ವಿಡಿಯೊದಲ್ಲಿದ್ದಳು. ಅಲ್ಲಿನ್ನೂ ಬುಧವಾರದ ಸಂಜೆ. ಮೊಮ್ಮಗ ಹ್ಯಾಲೋವೀನ್‌ಗೆಂದು ಕುಂಬಳಕಾಯಿಗೆ ಕಣ್ಣು ಕೊರೆಯುತ್ತಿದ್ದ.

"ನಮ್ಮಲ್ಲಿ ಕುಂಬಳಕಾಯಿ ಒಡೆದು ಇಪ್ಪತ್ತು ದಿನ ಆಯ್ತು, ಇವರದ್ದು ಈಗ" ಎಂದು ಅಜ್ಜಿ ನಕ್ಕರು.

"ನೀವಿನ್ನೂ ಎಣ್ಣೆ ನೀರು ಹಾಕ್ಕೊಂಡಿಲ್ವೇನಮ್ಮ?"

"ಯಾರಿದಾರೆ ಅಂತ ಹಾಕ್ಕೊಳ್ಳೋದಪ್ಪ?" ಎನ್ನುತ್ತಲೇ ನನ್ನ ಕೈಲಿದ್ದ ಬಟ್ಟಲು ನೋಡಿದರು. ಸೀಗೆಪುಡಿ ಕೇಳಲು ಬಂದವನು ಎಣ್ಣೆ ಬಟ್ಟಲನ್ನೂ ಹಿಡಿದೇ ಮೆಟ್ಟಿಲು ಹತ್ತಿದ್ದೆ. "ಕೂತ್ಕೋ. ಆರತಿ ಎತ್ತೋ ಹಾಗಿಲ್ಲ ನಾನು. ಎಣ್ಣೆಗೇನು, ಯಾರ ಕೈಯಾದರೂ ಆಗುತ್ತೆ."

ಮಣೆ ಮೇಲೆ ಕೂತೆ. ನಡುಗುವ ಕೈ, ಎಣ್ಣೆ ಕಿವಿಗೂ ಇಳಿಯಿತು. ಆರತಿಯ ಆ ಕಟ್ಟಳೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಆ ಹೊತ್ತಿನಲ್ಲಿ ವಾದ ಮಾಡಲಿಲ್ಲ.

ಆರು ಗಂಟೆಗೆ ಕಂಪನಿ ಕ್ಯಾಬು ಎದುರಿನ ಪಿ.ಜಿ.ಯ ರಾಯಚೂರಿನ ಹುಡುಗನನ್ನು ಇಳಿಸಿತು. ರಾತ್ರಿ ಪಾಳಿ, ರಜೆ ಸಿಕ್ಕಿಲ್ಲ, ಅಡುಗೆಯವರು ಊರಿಗೆ ಹೋದದ್ದರಿಂದ ಊಟವೂ ಬಂದ್. ಅಜ್ಜಿ ಬಾಲ್ಕನಿಯಿಂದಲೇ ಕೂಗಿ ಕರೆದರು. ಅವನ ತಲೆಗೂ ಎಣ್ಣೆ ಬಿತ್ತು. ಹಬ್ಬದ ದಿನ ಮೂವರೂ ಉಪ್ಪಿಟ್ಟು ತಿಂದೆವು, ಒಗ್ಗರಣೆ ಸ್ವಲ್ಪ ಸೀದಿತ್ತು.

ಫ್ರಿಜ್ಜಿನ ಮೇಲೊಂದು ಚೀಟಿ: ಹಿರಿಯರ ಸಹಾಯವಾಣಿ 14567.

"ಮಾತಾಡಿದೀರಾ?"

"ಯುಗಾದಿಗೆ ಮಾಡಿದ್ದೆ. ಹುಡುಗಿ ಚೆನ್ನಾಗಿ ಮಾತಾಡಿದಳು. ಆದರೆ ರಾತ್ರಿ ಎಂಟಕ್ಕೆ ಮುಗೀತು ಅಂತಾರಲ್ಲ."

ಹಬ್ಬದ ಮನೆ ಬಿಕೋ ಅನ್ನುವುದೂ ಎಂಟರ ಮೇಲೆಯೇ. ಚೀಟಿಯ ಕೆಳಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದೆ. ಅದಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಈ ದೀಪಾವಳಿಗೆ ನಿಮ್ಮ ಬೀದಿಯಲ್ಲಿ ರಂಗೋಲಿ ಬೀಳದ ಬಾಗಿಲು ಕಂಡರೆ ಒಮ್ಮೆ ತಟ್ಟಿ. ಒಬ್ಬಟ್ಟು ಒಯ್ಯದಿದ್ದರೂ ನಡೆಯುತ್ತದೆ, ಒಂದಿಷ್ಟು ಸೀಗೆಪುಡಿ ಇದೆಯಾ ಎಂದು ಕೇಳಿ.